ಹಿತ್ತಿಲ ದಾರಿಯಿಂದ ಬಂದ ಹುಲ್ಲಿನ ಹೋತ

ನನ್ನ ಕುಲದ ಕಥೆಯನ್ನು ಮೊದಲು ಹೇಳಿದವಳು ಉಲ್ರಿಕಾ ಎಂಬ ನೂಲುವ ಮುದುಕಿ. ಸ್ವೀಡನ್ ದೇಶದ ನಡುಸೀಮೆಯಲ್ಲಿ, ಕಾಡುಗಳ ನಡುವೆ ನೀಳವಾಗಿ ಮಲಗಿದ ಒಂದು ಸರೋವರವಿದೆ. ಅದರ ಪಡುವಣ ದಡದ ಹಳ್ಳಿಯಲ್ಲಿ, ಆ ವರ್ಷದ ರೈ ಧಾನ್ಯವನ್ನು ಬಡಿದು ಮುಗಿಸಿದ ಸಂಜೆ, ಒಲೆಯ ಪಕ್ಕದಲ್ಲಿ ಕುಳಿತು ಅವಳು ಅದನ್ನು ಹೇಳಿದಳು. ಆ ಸೀಮೆಗೆ ರೈಲು ಬರುವುದಕ್ಕೆ ಒಂದು ತಲೆಮಾರು ಹಿಂದಿನ ಮಾತು. ಕಥೆ ಅವಳದಲ್ಲ, ಅವಳ ಅಜ್ಜಿಯದು. ಅಜ್ಜಿಗೆ ಯಾರು ಹೇಳಿದರು ಎಂದು ಕೇಳಿದ್ದಕ್ಕೆ, "ಅವಳಿಗಿಂತ ಹಲ್ಲು ಕಡಿಮೆ ಇದ್ದೋಳು ಯಾರೋ" ಎಂದಳು. ಮುಂದೆ ಅದೇ ಕಥೆಯನ್ನು ಬೇರೆ ಬಾಯಿಗಳಿಂದಲೂ ಕೇಳಿದೆ. ಯಾರು ಎಲ್ಲಿ ಕೂಡಿಸಿದರು, ಯಾರು ಎಲ್ಲಿ ಕಳೆದರು ಎಂಬುದು ನನಗೆ ಗೊತ್ತು. ಕೇಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದವನಿಗೆ ಅಷ್ಟಾದರೂ ನೆಟ್ಟಗೆ ನೆನಪಿರಬೇಕು.

ನಾನು ಒಂದು ಹುಲ್ಲಿನ ಹೋತ. ಹೊಲದಲ್ಲಿ ಕಡೆಗೆ ಕೊಯ್ದು ಕಟ್ಟಿದ ಸಿವುಡಿನಿಂದ ಹುಟ್ಟಿದವನು. ಕುಡುಗೋಲು ಮುಂದೆ ಮುಂದೆ ಬಂದ ಹಾಗೆ ಹೊಲದ ಜೀವ ಹಿಂದೆ ಹಿಂದೆ ಸರಿಯುತ್ತದೆ, ಸರಿಯಲು ಜಾಗವಿಲ್ಲದಾಗ ಕಡೆಯ ಸಿವುಡಿನಲ್ಲಿ ಹೊಕ್ಕು ಕೂರುತ್ತದೆ ಎಂದು ಆ ಹಳ್ಳಿಗಳವರು ನಂಬಿದ್ದರು. ಆದ್ದರಿಂದ ಆ ಸಿವುಡನ್ನು ಬಡಿಯುತ್ತಿರಲಿಲ್ಲ. ಅದನ್ನು ಹೋತವಾಗಿ ಕಟ್ಟಿ, ಚಳಿಗಾಲದ ನಡುವೆ ಬರುವ ಯೂಲ್ ಹಬ್ಬಕ್ಕೆ ಮನೆಯೊಳಗೆ ನಿಲ್ಲಿಸುತ್ತಿದ್ದರು.

ನನ್ನನ್ನು ಕಟ್ಟಿದವರು ಅಕ್ಕತಂಗಿಯರು. ಅಕ್ಕ ಮೇರಿತ್ ಹುಲ್ಲನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೀಳದಂತೆ ಬಗ್ಗಿಸಿ, ಬೆನ್ನು, ಕತ್ತು, ನಾಲ್ಕು ಕಾಲು ಮಾಡಿದಳು. ತಂಗಿ ಸಿಗ್ನೆ ಕೆಂಪು ಉಣ್ಣೆದಾರ ಸುತ್ತಿ ಬಿಗಿದಳು. ಹೆಣೆದ ಕೊಂಬು, ತೆನೆಯ ಗಡ್ಡ ಕಡೆಗೆ ಬಂದವು.

"ಕೊಂಬು ಓರೆ ಆಯ್ತಲ್ಲೇ" ಎಂದಳು ಮೇರಿತ್.

"ನಿನ್ನ ಎಸ್ಕಿಲ್ ಮೂಗಿಗಿಂತ ನೆಟ್ಟಗಿದೆ, ಬಿಡಕ್ಕ."

ಎಸ್ಕಿಲ್ ಎಂದರೆ ಮೇರಿತ್‌ಳನ್ನು ಮದುವೆಯಾಗಲಿದ್ದವನು. ಮೇರಿತ್ ಒದ್ದೆ ಹುಲ್ಲಿನಿಂದ ತಂಗಿಯ ಕೆನ್ನೆಗೆ ಬಾರಿಸಿದಳು. ನಾನು ಕಣ್ಣು ಬಿಟ್ಟದ್ದು ಆ ನಗುವಿನ ನಡುವೆ. ಬೇಗನೆ ಬಿಟ್ಟೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಆಗ ಉಲ್ರಿಕಾ ರಾಟೆ ನಿಲ್ಲಿಸಿ ಹೇಳಿದ್ದು ಇದು. ಹಿಂದೆ ಈ ನಾಡಿಗೆ ಥಾರ್ ಎಂಬ ಗುಡುಗಿನ ದೇವರಿದ್ದ. ಉಳಿದ ದೇವರುಗಳಿಗೆ ಕುದುರೆ. ಇವನ ರಥಕ್ಕೆ ಮಾತ್ರ ಎರಡು ಹೋತ. ಒಂದರ ಹೆಸರು ಹಲ್ಲುಕಿರಿಯುವವ, ಇನ್ನೊಂದರದು ಹಲ್ಲುಕಡಿಯುವವ. ಆ ರಥದ ಚಕ್ರ ಉರುಳುವ ಸದ್ದೇ ಗುಡುಗು. ದೇವರಿಗೆ ದಾರಿಯಲ್ಲಿ ಹಸಿವಾದರೆ ಹೋತಗಳನ್ನೇ ಕೊಯ್ದು ಬೇಯಿಸಿ ತಿನ್ನುತ್ತಿದ್ದ. ತಿಂದ ಮೇಲೆ ಮೂಳೆಗಳನ್ನೆಲ್ಲ ಚರ್ಮದ ಮೇಲೆ ಹಾಕಿಸಿ, ಬೆಳಗಿನ ಜಾವ ತನ್ನ ಸುತ್ತಿಗೆಯನ್ನು ಅವುಗಳ ಮೇಲೆ ಎತ್ತಿದರೆ, ಹೋತಗಳು ಮೈಕೊಡವಿ ಎದ್ದು ನಿಲ್ಲುತ್ತಿದ್ದವು. ಕಟ್ಟಳೆ ಒಂದೇ: ಮೂಳೆ ಮುರಿಯಬಾರದು. ಒಂದು ದಿನ ಬಡವರ ಮನೆಯಲ್ಲಿ ಇಳಿದುಕೊಂಡಾಗ, ಆ ಮನೆಯ ಮಗ ಮಜ್ಜೆಯ ಆಸೆಗೆ ತೊಡೆಯ ಮೂಳೆಯನ್ನು ಚಾಕುವಿನಿಂದ ಸೀಳಿದ. ಬೆಳಿಗ್ಗೆ ಒಂದು ಹೋತ ಕುಂಟುತ್ತ ಎದ್ದಿತು. ದೇವರ ಹುಬ್ಬು ಕಣ್ಣಿನ ಮೇಲೆ ಇಳಿಯಿತು. ಬಡವ ನಡುಗುತ್ತ ಮಗನನ್ನೂ ಮಗಳನ್ನೂ ಆಳುಗಳಾಗಿ ಒಪ್ಪಿಸಿ ಜೀವ ಉಳಿಸಿಕೊಂಡ.

"ಆ ಕಾಲು ಆಮೇಲೆ ಸರಿಹೋಗ್ಲೇ ಇಲ್ವಾ ಅಜ್ಜಿ?" ಎಂದಳು ಸಿಗ್ನೆ.

"ಇಲ್ಲ ಕಣೇ. ಸತ್ತದ್ದನ್ನ ಎಬ್ಬಿಸೋ ದೇವರಿಗೂ ಮುರಿದದ್ದನ್ನ ಕೂಡಿಸೋಕೆ ಬರ್ಲಿಲ್ಲ."

ಇದಿಷ್ಟು ಉಲ್ರಿಕಾಳ ಪಾಠ. ಮೂಡಣ ದಡದ ಚಮ್ಮಾರನೊಬ್ಬ ಇದನ್ನೇ ಹೇಳುವಾಗ, ಹುಡುಗನದೇನೂ ತಪ್ಪಿಲ್ಲ, ಜೊತೆಗೆ ಬಂದಿದ್ದ ಕುಟಿಲ ದೇವರೊಬ್ಬ ಕಿವಿಯೂದಿದ ಎನ್ನುತ್ತಿದ್ದ. ಪಾದ್ರಿಗಳು ಬೇರೆಯೇ ಹೇಳುತ್ತಿದ್ದರು: ಹೋತ ಸೈತಾನನ ವಾಹನ, ಅದನ್ನು ಮನೆಯೊಳಗೆ ತರುವವರ ಬುದ್ಧಿಗೆ ಏನೆನ್ನಬೇಕು. ಜನ ತಲೆಯಾಡಿಸಿ ಕೇಳಿಸಿಕೊಂಡು, ಮನೆಗೆ ಬಂದು ಹೋತ ಕಟ್ಟುತ್ತಿದ್ದರು. ಕೊಯ್ಲಾಗಿ, ಬಡಿಸಿಕೊಂಡು, ಬೀಸಿಸಿಕೊಂಡು, ಉಂಡುಹೋದ ಧಾನ್ಯ ಮರುವರ್ಷ ಏಳುತ್ತದಲ್ಲ, ಅದೇ ಈ ಹೋತ ಎಂದು ಅವರು ತಿಳಿದಿದ್ದರು. ಸತ್ತದ್ದು ಏಳುತ್ತದೆ ಎಂಬ ಮಾತನ್ನು ನನ್ನ ರೂಪದಲ್ಲಿ ಮೂಲೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ದಿನವೂ ಕೊಯ್ಯಿಸಿಕೊಂಡು ದಿನವೂ ಏಳುವುದು ಹೋತಕ್ಕೆ ಹೇಗಿತ್ತು ಎಂದು ಕೇಳಿದವರನ್ನು ನಾನು ಎರಡೂ ದಡದಲ್ಲಿ ಕಾಣಲಿಲ್ಲ.

ಮೇರಿತ್ ಪಡುವಣ ದಡದಲ್ಲೇ ಉಳಿದಳು. ಸಿಗ್ನೆಯನ್ನು ಮೂಡಣ ದಡದ ಹಾಲ್ವರ್ ಎಂಬ ಮಿತಭಾಷಿಗೆ ಕೊಟ್ಟರು. ನಡುವೆ ನೀರು. ಬೇಸಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕಾಲುನಡಿಗೆ. ಇವೆರಡರ ನಡುವೆ ಹಬ್ಬಕ್ಕೆ ಮುಂಚಿನ ಕೆಲವು ವಾರ ದೋಣಿಯೂ ಹೋಗದು, ಕಾಲೂ ಊರಲಾಗದು. ಆಗ ಒಂದು ದಡದ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ.

ಆ ಸೀಮೆಯಲ್ಲಿ ಹೋತ ಹಾಕುವುದು ಎಂಬ ಆಟವೊಂದಿತ್ತು. ಯೂಲ್ ದಿನಗಳಲ್ಲಿ ಹುಲ್ಲಿನ ಹೋತವನ್ನು ಬೇರೆಯವರ ಮನೆಯೊಳಗೆ ಕಳ್ಳತನದಿಂದ ಇಟ್ಟು ಬರಬೇಕು. ದೀಪ ಹಿಡಿಯಬಾರದು, ಬಾಗಿಲು ತಟ್ಟಬಾರದು, ಮನೆಯವರ ಕಣ್ಣಿಗೆ ಬೀಳಬಾರದು. ಸಿಕ್ಕಿಬಿದ್ದರೆ ವರ್ಷವಿಡೀ ಊರ ಬಾಯಿಗೆ ಎಲೆಯಡಿಕೆ. ಉಳಿದವರು ಮನೆಯಿಂದ ಮನೆಗೆ ದಾಟಿಸುತ್ತಿದ್ದರು. ಈ ಅಕ್ಕತಂಗಿಯರು ಮಾತ್ರ ನನ್ನನ್ನು ತಮ್ಮಿಬ್ಬರ ನಡುವೆಯೇ ಇಟ್ಟುಕೊಂಡರು. ಒಂದು ಯೂಲ್‌ಗೆ ಮೂಡಣಕ್ಕೆ, ಮರುವರ್ಷದ ಯೂಲ್‌ಗೆ ಪಡುವಣಕ್ಕೆ. ಒಮ್ಮೆ ಸಿಗ್ನೆಯ ಹಿಟ್ಟಿನ ಪೆಟ್ಟಿಗೆಯಲ್ಲಿ ಕತ್ತಿನವರೆಗೆ ಹೂತುಹೋಗಿದ್ದೆ. ಇನ್ನೊಮ್ಮೆ ಎಸ್ಕಿಲ್ ಚರ್ಚಿಗೆ ಹೊರಟ ಜಾರುಬಂಡಿಯ ಕಂಬಳಿಯೊಳಗಿನಿಂದ ಕೊಂಬು ಚಾಚಿದೆ. "ಕಳ್ಳಿ, ನಿನ್ನ ಕೈಗೆ ಬೇಡಿ ಹಾಕಿಸ್ತೀನಿ ನೋಡ್ತಿರು" ಎಂದು ಮೇರಿತ್ ಚರ್ಚಿನ ಅಂಗಳದಲ್ಲಿ ತಂಗಿಯ ಕಿವಿ ಹಿಂಡಿದಳು. "ಯಾರು ನೋಡಿದ್ದು? ನಾನು ಮನೇಲಿ ರೊಟ್ಟಿ ಸುಡ್ತಿದ್ದೆ" ಎಂದು ಸಿಗ್ನೆ ಮುಗ್ಧಳಾದಳು. ಹಾಲ್ವರ್ ಕೂಡ ನಕ್ಕದ್ದನ್ನು ಆ ದಿನ ಕಂಡೆ.

ಸಿಗ್ನೆಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಆಮೇಲೆ ಲೋವಿಸಾ ಹುಟ್ಟಿದಳು. ನಾನು ಮೂಡಣ ದಡದಲ್ಲಿದ್ದ ವರ್ಷ ಅವಳಿಗೆ ಮಾತು ಬಂದಿತ್ತು. ನನ್ನ ಮುಂದೆ ಹುಲ್ಲು ಹಾಕಿ, "ನಿನ್ನನ್ನೇ ನೀನು ತಿನ್ನಬೇಡ" ಎಂದು ಬುದ್ಧಿ ಹೇಳುತ್ತಿದ್ದಳು. ಯೂಲ್ ಬಂದು ನನ್ನನ್ನು ಪಡುವಣಕ್ಕೆ ಒಯ್ದಾಗ ಅತ್ತಳಂತೆ. ಮರುವರ್ಷದ ಶರತ್ಕಾಲದಲ್ಲಿ, ದೋಣಿ ನಿಲ್ಲುವ ಮುಂಚಿನ ಕಡೆಯ ಭಾನುವಾರ, ಚರ್ಚಿನಲ್ಲಿ ಮೇರಿತ್‌ಳ ಲಂಗ ಜಗ್ಗಿ, "ದೊಡ್ಡಮ್ಮ, ಈ ಸಲ ಹೋತನ್ನ ಬೇಗ ಕಳ್ಸು. ಹಬ್ಬದವರೆಗೂ ಕಾಯೋಕಾಗಲ್ಲ" ಎಂದಳು. ಮೇರಿತ್ ಮನೆಗೆ ಬಂದು ಅದನ್ನು ಎಸ್ಕಿಲ್‌ಗೆ ಹೇಳಿ ನಕ್ಕದ್ದರಿಂದ ನನಗೆ ತಿಳಿಯಿತು.

ಹೀಗಾಗಿ, ಸರೋವರ ಕಾಲೂರುವಷ್ಟು ಗಟ್ಟಿಯಾದ ಮೊದಲ ದಿನವೇ ಮೇರಿತ್ ನನ್ನನ್ನು ಶಾಲಿನೊಳಗೆ ಅವಚಿಕೊಂಡು ಹೊರಟಳು. "ಇನ್ನೆರಡು ದಿನ ತಡೀಬಾರ್ದಾ, ಇನ್ನೂ ಬಿರುಕು ಬಿಡ್ತಿದೆ" ಎಂದ ಎಸ್ಕಿಲ್. "ಮಗು ಕೇಳಿದೆ" ಎಂದಳು.

ಆ ಸೀಮೆಯ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಹೋತ ಹಾಕುವವರು ಮುಂಬಾಗಿಲ ಕಡೆ ಸುಳಿಯುವುದಿಲ್ಲ. ಮೇರಿತ್ ಸರೋವರದಿಂದ ನೇರವಾಗಿ ದಡ ಹತ್ತಿ, ಕೊಟ್ಟಿಗೆಯ ಬೆನ್ನಿಗೆ ಅಂಟಿಕೊಂಡು, ಹಿತ್ತಿಲ ಉಗ್ರಾಣದ ಬಾಗಿಲು ತಳ್ಳಿದಳು. ಒಲೆಯಿಲ್ಲದ ತಣ್ಣನೆ ಕೋಣೆ ಅದು. ಹಬ್ಬದ ಮಾಂಸ, ಬೆಣ್ಣೆ, ರೊಟ್ಟಿ ಇಡುವ ಜಾಗ. ಒಳಗೆ ಕಣ್ಣಿಗೆ ಏನೂ ಕಾಣದು. ಅವಳು ಕೈಚಾಚಿ ತಡವಿದಳು. ಹಲಗೆಯೊಂದರ ಮೇಲೆ ಹಾಸಿದ ನುಣುಪಾದ ನಾರುಬಟ್ಟೆ ಬೆರಳಿಗೆ ಸಿಕ್ಕಿತು. ಅವಳು ಸದ್ದಿಲ್ಲದೆ ನಕ್ಕದ್ದು ಅವಳ ಎದೆಗೆ ಒತ್ತಿಕೊಂಡಿದ್ದ ನನಗೆ ತಿಳಿಯಿತು. ಬಟ್ಟೆಯ ತುದಿಯಲ್ಲಿ ನನ್ನನ್ನು ನಿಲ್ಲಿಸಿ, ಗಡ್ಡ ನೇವರಿಸಿ, ಬಂದ ದಾರಿಯಲ್ಲೇ ಹೋದಳು.

ನನ್ನ ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಬಟ್ಟೆ ಒಂದು ಕಡೆ ಸಣ್ಣಗೆ ಉಬ್ಬಿತ್ತು. ಅದರ ಕೆಳಗೆ ಲೋವಿಸಾ ಇದ್ದಳು.

ಗಂಟಲಮಾರಿ ಅವಳನ್ನು ಹಿಂದಿನ ದಿನ ಒಯ್ದಿತ್ತು. ನೆಲ ಕಲ್ಲಾಗುವ ಆ ನಾಡಿನಲ್ಲಿ, ಹೂಳುವವರೆಗೆ ಸತ್ತವರನ್ನು ತಣ್ಣನೆಯ ಉಗ್ರಾಣದಲ್ಲಿ ಮಲಗಿಸುತ್ತಾರೆ. ಸಾವಿನ ಮನೆಯ ಗುರುತಿಗೆ ಮುಂದಿನ ಗೇಟಿನಲ್ಲಿ ಸ್ಪ್ರೂಸ್ ಮರದ ಸೊಪ್ಪು ಹರಡುತ್ತಾರೆ, ಬೀದಿಯ ಕಡೆಯ ಕಿಟಕಿಗಳಿಗೆ ಬಿಳಿಬಟ್ಟೆ ಕಟ್ಟುತ್ತಾರೆ. ಅದೆಲ್ಲ ಮುಂದೆ. ಸರೋವರದ ಕಡೆಯಿಂದ, ಕೊಟ್ಟಿಗೆಯ ಬೆನ್ನ ಹಿಂದಿನಿಂದ ಬಂದವಳ ಕಣ್ಣಿಗೆ ಅದರಲ್ಲಿ ಒಂದೂ ಬೀಳುವ ಹಾಗಿರಲಿಲ್ಲ.

ಹಾಲು ಕರೆಯುವ ಹೊತ್ತಿಗೆ ಸಿಗ್ನೆ ದೀಪ ಹಿಡಿದು ಮಗಳನ್ನು ನೋಡಲು ಬಂದಳು. ನಾನು ಮಗುವಿನ ಕಾಲ ಬಳಿ ಕೊಂಬೆತ್ತಿ ನಿಂತಿದ್ದೆ. ಸತ್ತ ಮರುದಿನ ಎದ್ದು ನಿಲ್ಲುವ ಹೋತ. ಅವಳು ಕೂಗಲಿಲ್ಲ. ದೀಪವನ್ನು ನೆಲಕ್ಕಿಟ್ಟು, ನನ್ನನ್ನು ಎತ್ತಿಕೊಂಡು, ಹಿಂಗಾಲೊಂದನ್ನು ಎರಡು ಕೈಯಲ್ಲಿ ಹಿಡಿದು ಮುರಿದಳು. ಒಣಗಿದ ಹುಲ್ಲು ಮುರಿಯುವಾಗ ಸಣ್ಣ ಮೂಳೆಯ ಸದ್ದನ್ನೇ ಮಾಡುತ್ತದೆ.

ಹಾಲ್ವರ್ ಬಾಗಿಲಲ್ಲಿ ನಿಂತಿದ್ದ. "ಒಲೆಗೆ ಹಾಕು" ಎಂದ.

"ಬೇಡ. ಕೊಟ್ಟವಳಿಗೆ ವಾಪಸ್ ಕೊಡೋದಿದೆ."

"ಅವಳಿಗೆ ತಿಳೀದೇ ಇರಬಹುದು, ಸಿಗ್ನೆ."

"ಗೇಟಿನ ತುಂಬ ಸೊಪ್ಪು ಬಿದ್ದಿದೆ. ಕುರುಡರ ಕಾಲಿಗೂ ಸಿಗತ್ತೆ. ಅವಳಿಗೆ ಸಿಗಲಿಲ್ವಾ? ನನಗೊಂದು ಮಗು ಇತ್ತು, ಅವಳಿಗೆ ಇರ್ಲಿಲ್ಲ. ಅಷ್ಟೇ ವಿಷಯ."

ಮೇರಿತ್ ಗೇಟಿನಿಂದ ಬರಲಿಲ್ಲ ಎಂದು ಹೇಳಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ ಇದ್ದೆ. ನನ್ನ ಬಾಯಿ ತೆನೆಯ ಸಿಪ್ಪೆಯದು.

ಹೂಳುವ ದಿನ ಮೇರಿತ್ ಬಂದಳು. ಮುಂಬಾಗಿಲಿನಿಂದಲೇ ಬಂದಳು. ನಾನು ಅಟ್ಟದಲ್ಲಿದ್ದೆ, ಕೇಳಿದ್ದು ಮಾತು ಮಾತ್ರ. "ಇವತ್ತು ದಾರಿ ಸರಿಯಾಗಿ ಕಾಣಿಸ್ತಾ?" ಎಂದಳು ಸಿಗ್ನೆ. ನನ್ನನ್ನು ಎಲ್ಲಿ ಕಂಡರು ಎಂಬುದನ್ನು ಆ ಹೊತ್ತಿಗೆ ಯಾರೋ ಮೇರಿತ್‌ಗೆ ಹೇಳಿದ್ದಿರಬೇಕು. ಅವಳು ತಂಗಿಯ ಹೆಸರು ಹಿಡಿದು ಒಂದು ಸಲ ಕರೆದಳು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬಾಗಿಲು ಹಾಕಿದ ಸದ್ದು. ಆ ಮೌನವನ್ನು ಮೂಡಣ ದಡದವರೆಲ್ಲ ತಪ್ಪೊಪ್ಪಿಗೆ ಎಂದೇ ಓದಿಕೊಂಡರು.

ಮುಂದಿನ ವರ್ಷಗಳಲ್ಲಿ ನಾನು ಕಂಡಷ್ಟು ಜೋಪಾನವನ್ನು ಯಾವ ಹುಲ್ಲಿನ ಹೋತವೂ ಕಂಡಿರಲಾರದು. ಇಲಿ ಮುಟ್ಟದಂತೆ ಸಿಗ್ನೆ ನನ್ನನ್ನು ತೊಲೆಗೆ ನೇತುಹಾಕಿದ್ದಳು. ವರ್ಷಕ್ಕೊಮ್ಮೆ ಇಳಿಸಿ, ಧೂಳು ಒರೆಸಿ, ನುಸಿ ಹಿಡಿಯದಂತೆ ಹೊಗೆ ಹಾಕುತ್ತಿದ್ದಳು. ಮುರಿದ ಕಾಲನ್ನು ಮಾತ್ರ ಕಟ್ಟಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಹಾಲ್ವರ್ ಒಂದು ಸಲ ಏಣಿಯ ಕೆಳಗಿನಿಂದ, "ಇನ್ನೂ ಎಷ್ಟು ವರ್ಷ ಸಾಕ್ತೀಯ ಅದನ್ನ?" ಎಂದು ಕೇಳಿದ. "ಅವಳ ಮನೇಲೂ ಒಂದು ದಿನ ಸೊಪ್ಪು ಹರಡ್ತಾರೆ" ಎಂದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಹಸು ಯಾವಾಗ ಕರು ಹಾಕುತ್ತದೆ ಎಂದು ಹೇಳುವ ಹಾಗೆ ಹೇಳಿದಳು.

ಹರಡಿದರು. ಕಾಡಿನಲ್ಲಿ ಮರ ಕಡಿಯುವಾಗ ದಿಮ್ಮಿ ಉರುಳಿ ಎಸ್ಕಿಲ್ ಸತ್ತ. ಸುದ್ದಿ ಬಂದಾಗ ಸಿಗ್ನೆ ಕೈ ತೊಳೆದುಕೊಂಡು ಅಟ್ಟ ಹತ್ತಿದಳು.

ನನ್ನನ್ನು ಶಾಲಿನೊಳಗೆ ಮುಚ್ಚಲಿಲ್ಲ. ಹೆಪ್ಪುಗಟ್ಟಿ ಬಿಸಿಲು ಬಿದ್ದ ಸರೋವರದ ಮೇಲೆ, ತೋಳಿನಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು ನಡೆದಳು. ಮುಂದಿನ ಗೇಟಿನಿಂದ, ಸೊಪ್ಪು ತುಳಿದುಕೊಂಡು ಒಳಹೊಕ್ಕಳು. ಕೋಣೆಯ ತುಂಬ ಜನ, ಸಾವಿನ ಊಟದ ಬಿಯರಿನ ವಾಸನೆ. ನಡುವೆ ಶವಪೆಟ್ಟಿಗೆ. ಸಿಗ್ನೆ ಪೆಟ್ಟಿಗೆಯ ಕಾಲಕಡೆಗೆ ಹೋಗಿ ನನ್ನನ್ನು ಅದರ ಮೇಲೆ ನಿಲ್ಲಿಸಿದಳು. ಮುರಿದ ಕಾಲಿನಿಂದಾಗಿ ನಾನು ಓರೆಯಾಗಿ ನಿಂತೆ.

ಯಾರೋ ಬಟ್ಟಲು ಕೆಳಗಿಟ್ಟರು. ಮೇರಿತ್ ಬೆಂಚಿನಿಂದ ಎದ್ದಳು. ಅವಳ ಕೂದಲು ಬಿಳಿಯಾಗಿತ್ತು. ನನಗೆ ಅದು ಗೊತ್ತಿರಲಿಲ್ಲ.

"ನಿನ್ನ ವಸ್ತು ನಿನಗೆ ತಂದೆ" ಎಂದಳು ಸಿಗ್ನೆ. ಅಕ್ಕ ಎನ್ನಲಿಲ್ಲ.

"ಅಲ್ಲಿ ಕತ್ತಲಿತ್ತು, ಸಿಗ್ನೆ" ಎಂದಳು ಮೇರಿತ್. "ಹಿತ್ತಿಲಿಂದ ಬಂದೆ, ಆಟದವರು ಬರೋ ಹಾಗೆ. ಕೈಗೆ ಬಟ್ಟೆ ಸಿಕ್ತು. ಹಬ್ಬಕ್ಕೆ ಹಾಸಿದ್ದೀಯ ಅಂದ್ಕೊಂಡೆ. ಲೋವಿಸಾ ಬೆಳಿಗ್ಗೆ ಬೆಣ್ಣೆ ತರೋಕೆ ಬಂದಾಗ ನೋಡ್ಲಿ ಅಂತ ಅವಳ ಎತ್ತರಕ್ಕೆ ಇಟ್ಟೆ."

ಸಿಗ್ನೆಯ ಮುಖ ನನ್ನ ಕಡೆಗಿತ್ತು. ಅದರಲ್ಲಿ ಏನೋ ಒಂದು ಮೆಲ್ಲಗೆ ಜಾಗ ಬಿಟ್ಟಿತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದಳು.

"ಏನಂತ ಹೇಳ್ಲಿ? ನಿನ್ನ ಮಗೂನ ಊಟದ ಮೇಜು ಅಂದ್ಕೊಂಡೆ ಅಂತ ಹೇಳ್ಲಾ? ಬಾಗಿಲ ತನಕ ಬಂದೆ. ಆ ಮಾತು ಬಾಯಿಗೆ ಬರ್ಲಿಲ್ಲ."

ಸಿಗ್ನೆಯ ಕೈ ಮುಂದೆ ಬಂತು. ನನ್ನನ್ನು ಪೆಟ್ಟಿಗೆಯಿಂದ ಎತ್ತಿಕೊಳ್ಳಲು ಬಂತು. ಮೇರಿತ್ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಇರಲಿ ಬಿಡು" ಎಂದಳು. "ಇಲ್ಲಿ ಬೆಳಕಿದೆ. ನೀನು ನೋಡಿಯೇ ಇಟ್ಟಿದ್ದೀಯ."

ಸಿಗ್ನೆ ಬಂದ ದಾರಿಯಲ್ಲಿ ಒಬ್ಬಳೇ ಹಿಂದಿರುಗಿದಳು.

ಆಮೇಲೆ ನಾನು ಪಡುವಣ ದಡದಲ್ಲಿ, ಮೇರಿತ್‌ಳ ಕಿಟಕಿಯ ಹಲಗೆಯ ಮೇಲೆ ಇದ್ದೆ. ಕಿಟಕಿಯ ಆಚೆ ಸರೋವರ, ಅದರಾಚೆ ಸಿಗ್ನೆಯ ಮನೆಯ ಹೊಗೆ. ಮೂಡಣ ದಡದಿಂದ ಉಣ್ಣೆ ಕೊಳ್ಳಲು ಬಂದ ಹೆಂಗಸೊಬ್ಬಳು ಒಂದು ಯೂಲ್ ಹಬ್ಬದ ಹೊತ್ತಿಗೆ ಹೇಳಿದಳು: "ನಿಮ್ಮ ತಂಗಿಗೆ ಏನಾಗಿದೆಯೋ ಕಾಣೆ. ನೀರು ಹೆಪ್ಪುಗಟ್ಟಿದ ದಿನದಿಂದ ಹಬ್ಬ ಮುಗಿಯೋವರೆಗೂ ಹಿತ್ತಿಲ ಬಾಗಿಲ ಅಗಳಿ ಹಾಕೋದಿಲ್ವಂತೆ. ಆ ಥಂಡಿ ಉಗ್ರಾಣದಲ್ಲಿ ಸಂಜೆಯೆಲ್ಲ ದೀಪ ಉರೀತಿರತ್ತೆ. ಗಂಡ ಹೋದ ಮೇಲೆ ತಲೆ ಸ್ವಲ್ಪ ಹಾಗಾಯ್ತೇನೋ." ಹಾಲ್ವರ್ ತೀರಿಕೊಂಡದ್ದು ನಮಗೆ ತಿಳಿದದ್ದು ಹಾಗೆ. ಮೇರಿತ್ ಉಣ್ಣೆ ಹಿಂಜುವುದನ್ನು ನಿಲ್ಲಿಸಲಿಲ್ಲ.

ಆದರೆ ಅದರ ಮರುವರ್ಷ, ಸರೋವರ ಗಟ್ಟಿಯಾದ ಮೇಲೆ, ನನ್ನನ್ನು ಶಾಲಿನೊಳಗೆ ತೆಗೆದುಕೊಂಡು ಹೊರಬಿದ್ದಳು. ದಡದ ತನಕ ಬಂದಳು. ಎದುರು ದಡದಲ್ಲಿ ನಿಜವಾಗಿಯೂ ಒಂದು ದೀಪ ಕಾಣುತ್ತಿತ್ತು, ಬಲು ಸಣ್ಣದು. ನನ್ನ ಒಡಲೊಳಗೆ ಇದ್ದ ಹೊಲದ ಜೀವವನ್ನೆಲ್ಲ ಕೂಡಿಸಿ ನಾನು ಅವಳನ್ನು ಮುಂದಕ್ಕೆ ತಳ್ಳಿದೆ ಎಂದೇ ಹೇಳಬೇಕು. ಅವಳು ಒಂದು ಕಾಲು ಮಂಜುಗಡ್ಡೆಯ ಮೇಲಿಟ್ಟಳು. ಕೈಗಳು ಮರಗಟ್ಟುವವರೆಗೆ ಹಾಗೇ ನಿಂತಳು. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದು, ಮನೆಗೆ ಬಂದು, ನನ್ನನ್ನು ಹಲಗೆಯ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟಳು. ಹಿಮ ಕರಗುವ ಮುಂಚೆ ಅವಳು ತೀರಿಕೊಂಡಳು.

ಎಸ್ಕಿಲ್‌ನ ಕಡೆಯವರು ಮನೆ ತೆರವು ಮಾಡುವಾಗ ನನ್ನನ್ನು ಊರಿನವರ ಹಳೆಯ ವಸ್ತುಗಳ ಮನೆಗೆ ಕೊಟ್ಟರು. ಇಲ್ಲಿ ನೇಗಿಲಿದೆ, ರಾಟೆಯಿದೆ, ಬೆಣ್ಣೆ ಕಡೆಯುವ ಕೊಳಗವಿದೆ. ನನಗೆ ಗಾಜಿನ ಪೆಟ್ಟಿಗೆ.

ಹಬ್ಬದ ಹಿಂದಿನ ಭಾನುವಾರದ ಮಧ್ಯಾಹ್ನ ಇಲ್ಲಿ ಕಥೆ ಹೇಳುವ ರೂಢಿ. ಹೇಳುವವರು ನಿಲ್ಸ್ ಮೇಷ್ಟರು, ಒಳ್ಳೆಯ ಮನುಷ್ಯ. ಮೊನ್ನೆ ರಥದ ಕಥೆ ಹೇಳಿದರು, ಮೂಳೆಯ ಕಟ್ಟಳೆ ಹೇಳಿದರು. ಉಲ್ರಿಕಾಳ ಪಾಠಕ್ಕೆ ಬಹಳ ಹತ್ತಿರವಿತ್ತು. ಆಮೇಲೆ ನನ್ನ ಕಡೆ ಕೋಲು ಚಾಚಿ, ಈ ಹೋತವನ್ನು ಇಬ್ಬರು ಅಕ್ಕತಂಗಿಯರು ಜೀವಮಾನವಿಡೀ ಒಬ್ಬರ ಮನೆಗೊಬ್ಬರು ಕದ್ದು ಸಾಗಿಸುತ್ತಿದ್ದರು, ಹಿಂದಿನವರ ಪ್ರೀತಿ ಅಂಥದ್ದು ಎಂದರು. ಪುರಾಣದ ಹೋತ ಕುಂಟಾದ ನೆನಪಿಗೆ ಇದರ ಕಾಲನ್ನೂ ಬೇಕೆಂದೇ ಮುರಿದಂತೆ ಕಟ್ಟಿದ್ದಾರೆ, ಎಂಥ ಕುಶಲತೆ ನೋಡಿ ಎಂದರು. ಜನ ಬಗ್ಗಿ ನೋಡಿದರು.

ಹಿಂದಿನ ಬೆಂಚಿನಲ್ಲಿ ಸಿಗ್ನೆ ಕುಳಿತಿದ್ದಳು. ಅವಳನ್ನು ಯಾರೋ ಜಾರುಬಂಡಿಯಲ್ಲಿ ಕರೆತಂದಿದ್ದರು. ಮೇಷ್ಟರು ಗುರುತು ಹಿಡಿದು, "ಇವರೇ ನೋಡಿ ಆ ತಂಗಿ. ಅಜ್ಜಿ, ತುಂಬಾ ನಗ್ತಿದ್ರಾ ನೀವಿಬ್ಬರೂ?" ಎಂದು ಕೇಳಿದರು.

"ನಗ್ತಿದ್ವಿ" ಎಂದಳು ಸಿಗ್ನೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಥೆ ಅಲ್ಲಿಗೆ ಮುಗಿದಂತಾಯಿತು. ಬೆಂಚುಗಳು ಸರಿದವು. ಒಬ್ಬರು ಕೈಗವಸು ಹುಡುಕಿದರು, ಇನ್ನೊಬ್ಬರು ಸರೋವರ ಈ ವರ್ಷ ತಡವಾಗಿ ಗಟ್ಟಿಯಾಯಿತೆಂದರು, ಹೆಂಗಸರು ಮಕ್ಕಳ ಟೋಪಿ ಕಟ್ಟಿದರು. ಸಿಗ್ನೆ ಕೋಲೂರಿಕೊಂಡು ಗಾಜಿನ ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ನನ್ನನ್ನು ನೋಡಲಿಲ್ಲ, ಮೇಷ್ಟರನ್ನು ನೋಡಿದಳು.

"ಇದನ್ನ ಈ ಹಬ್ಬಕ್ಕೆ ನಮ್ಮನೇಲಿ ಇಟ್ಟು ಬರೋಕೆ ಯಾರಿಗಾದ್ರೂ ಹೇಳ್ತೀರಾ, ಮೇಷ್ಟ್ರೇ? ಹಿತ್ತಿಲ ಕಡೆಯಿಂದ. ಬಾಗಿಲು ತೆಗೆದಿರತ್ತೆ."

ಮೇಷ್ಟರು ನಕ್ಕು ಅವಳ ಭುಜ ಮುಟ್ಟಿದರು. "ಈಗ ಇದು ಊರಿನ ಸ್ವತ್ತು, ಅಜ್ಜಿ. ಇಲ್ಲಿಂದ ಆಚೆ ಹೋಗೋ ಹಾಗಿಲ್ಲ. ನೀವೇ ಬಂದು ನೋಡ್ಕೊಂಡು ಹೋಗಿ, ಯಾವಾಗ ಬೇಕಾದ್ರೂ."

ಅವಳು ತಲೆಯಾಡಿಸಿದಳು. ಯಾರೋ ತೋಳು ಕೊಟ್ಟರು. ಜನರೆಲ್ಲ ಎದ್ದು ಮನೆಗೆ ಹೊರಟಿದ್ದರು. ಅವರ ಹಿಂದೆ ಅವಳೂ ಹೊರಟಳು.